ಊರ ಕಾರ್ಯಾಗಾರದ ಬೀಗದ ಕೈ ಯಾರ ಬಳಿ ಇರಬೇಕು?

ಕೇಂದ್ರ ಸರ್ಕಾರವು 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಕೊಡುವುದಾಗಿ ಘೋಷಿಸಿತು. 2016ರಲ್ಲಿ ಆರಂಭವಾದ ಈ ಯೋಜನೆಯಡಿ ಅದಾಗಲೇ ಸುಮಾರು 10,000 ಶಾಲೆಗಳು ಇಂಥ ಪ್ರಯೋಗಾಲಯ ಪಡೆದಿದ್ದವು. ಕ್ರೈಸ್ತ ಆಡಳಿತದ ಶಾಲೆಗಳೂ ಅವುಗಳಲ್ಲಿ ಸೇರಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ. ಅರ್ಧ ಉಪಕರಣಗಳಿಗೆ, ಉಳಿದರ್ಧ ಐದು ವರ್ಷಗಳ ನಿರ್ವಹಣೆಗೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ತ್ರೀ-ಡಿ ಪ್ರಿಂಟರ್, ಸೆನ್ಸರ್, ಸರ್ಕ್ಯೂಟ್ ಬೋರ್ಡು ಹಿಡಿದು ತಾವೇ ಏನನ್ನಾದರೂ ಮಾಡಿ ಕಲಿಯಲಿ ಎಂಬುದು ಉದ್ದೇಶ.

ಸಂತೋಷದ ಸುದ್ದಿಯೇ. ಆದರೆ ಆ ಕೋಣೆ ಶಾಲೆಯದು, ಶಾಲೆಯ ವೇಳೆಗೆ ಕಟ್ಟುಬಿದ್ದದ್ದು. ಮಗ ಪ್ರಯೋಗಾಲಯದಲ್ಲಿ ಪುಟ್ಟ ರೋಬೋಟ್ ಓಡಿಸುತ್ತಿರುವಾಗ, ಔಷಧಿ ಹೊಡೆಯುವ ಪಂಪು ಕೆಟ್ಟು ನಿಂತ ಅಪ್ಪ ಬಸ್ಸು ಹತ್ತಿ ತಾಲೂಕು ಕೇಂದ್ರಕ್ಕೆ ಹೋಗುತ್ತಾನೆ. ಇಬ್ಬರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ: ಒಂದು ಮೇಜು, ಕೆಲವು ಉಪಕರಣ, ಹೇಳಿಕೊಡಬಲ್ಲ ಒಬ್ಬ ಮನುಷ್ಯ. ಹೊರದೇಶಗಳಲ್ಲಿ, ಈಗ ನಮ್ಮ ದೊಡ್ಡ ನಗರಗಳಲ್ಲಿ ಕೂಡ, ಇಂಥ ಜಾಗಕ್ಕೆ ಮೇಕರ್ ಸ್ಪೇಸ್ ಎನ್ನುತ್ತಾರೆ. ನಾವು ಊರ ಕಾರ್ಯಾಗಾರ ಎಂದರೆ ಸಾಕು. ಸದಸ್ಯರಾದವರು ಬಂದು, ಅಲ್ಲಿರುವ ಯಂತ್ರಗಳನ್ನು ಬಳಸಿ, ಬೇಕಾದದ್ದನ್ನು ಮಾಡಿಕೊಳ್ಳುವ ಅಥವಾ ರಿಪೇರಿ ಮಾಡಿಕೊಳ್ಳುವ ಸ್ಥಳ. ಗ್ರಂಥಾಲಯದಲ್ಲಿ ಪುಸ್ತಕ ಹೇಗೋ ಇಲ್ಲಿ ಉಪಕರಣ ಹಾಗೆ.

ಈ ಲೇಖನಕ್ಕೆ ಕೊಪ್ಪ ತಾಲೂಕಿನ ಜಯಪುರವನ್ನು ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೆ ಕರಾವಳಿಯಿಂದ ಘಟ್ಟ ಹತ್ತಿ ಹೋದ ನಮ್ಮ ಕುಟುಂಬಗಳು ಎಷ್ಟೋ. ಕಾಫಿ ತೋಟದ ಕೆಲಸಕ್ಕೆ ಹೋದವರು, ಮರಗೆಲಸಕ್ಕೆ ಹೋದವರು, ಸಣ್ಣ ಅಡಿಕೆ ತೋಟ ಮಾಡಿ ನೆಲೆ ನಿಂತವರು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೂ ಮದುವೆ, ಮರಣ, ಹಬ್ಬಗಳಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಮನೆಯಂತೆ ಇದ್ದೇವೆ. ಅಲ್ಲಿಯ ಕಷ್ಟ ನಮಗೆ ಹೊರಗಿನದಲ್ಲ.

ಆ ಕಷ್ಟ ಸಣ್ಣದೂ ಅಲ್ಲ. ಶೃಂಗೇರಿ, ಕೊಪ್ಪ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಳೆಗಾಲದ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಇದನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, ಬಳಿಕ ಸುಮಾರು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಮಲೆನಾಡಿನ ಮಳೆಯಲ್ಲಿ ಎರಡನೆಯ ಸಿಂಪಡಣೆಗೆ ಸಿಗುವ ಬಿಡುವು ಎರಡೋ ಮೂರೋ ದಿನ. ಆ ದಿನಗಳಲ್ಲೇ ಪಂಪು ಕೈಕೊಟ್ಟರೆ? ಬಿಡಿಭಾಗ ಶಿವಮೊಗ್ಗದಿಂದಲೋ ಮಂಗಳೂರಿನಿಂದಲೋ ಬರುವಷ್ಟರಲ್ಲಿ ಕಾಯಿ ಉದುರಿರುತ್ತದೆ. ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂತು. ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರ್ ಬಂದವು. ಸಣ್ಣ ಹಿಡುವಳಿದಾರನ ಮನೆಯಲ್ಲೂ ಈಗ ನಾಲ್ಕೈದು ಯಂತ್ರಗಳಿವೆ. ಯಂತ್ರ ಮಾರುವವರು ಬಂದಷ್ಟು ಬೇಗ ಅದನ್ನು ಬಿಚ್ಚಿ ಜೋಡಿಸುವವರು ಬರಲಿಲ್ಲ. ಆ ಕೆಲಸ ಕಲಿಯಬೇಕಾಗಿದ್ದ ಹುಡುಗರು ಬೆಂಗಳೂರಿನ ಬಸ್ಸು ಹತ್ತಿಯಾಗಿದೆ.

ಇನ್ನೊಂದು ಕಡೆ, ಕರಾವಳಿಯಲ್ಲೂ ಮಲೆನಾಡಿನಲ್ಲೂ ಕನ್ನಡ ಮಾಧ್ಯಮದ ಹಳೆಯ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿವೆ. ಹೆಂಚಿನ ಮಾಡು, ಗಟ್ಟಿ ಗೋಡೆ, ಮುಂದೊಂದು ಅಂಗಳ. ಒಳಗೆ ಹಳೆಯ ಬೆಂಚುಗಳ ರಾಶಿ. ಈ ಕೋಣೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಅನೇಕ ಧರ್ಮಕೇಂದ್ರಗಳ ಪಾಲನಾ ಪರಿಷತ್ತಿನಲ್ಲಿ ಬರುತ್ತದೆ, ಬಾಡಿಗೆಗೆ ಕೊಡೋಣ ಎಂಬಲ್ಲಿಗೆ ಮುಗಿಯುತ್ತದೆ.

ನಮ್ಮ ಹಿರಿಯರಿಗೆ ಕಾರ್ಯಾಗಾರ ಹೊಸದಾಗಿರಲಿಲ್ಲ ಎಂಬುದನ್ನು ನೆನಪಿಸಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜೆಪ್ಪುವಿನ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರದಲ್ಲಿ ಮರಗೆಲಸ, ಕಬ್ಬಿಣದ ಕೆಲಸ, ಪ್ರತಿಮೆ ಮಾಡುವ ಕೆಲಸ ನಡೆಯುತ್ತಿತ್ತು. ಅನಾಥರು, ಬಡವರು ಅಲ್ಲಿ ಕಸುಬು ಕಲಿತು ಬದುಕು ಕಟ್ಟಿಕೊಂಡರು. ಆದರೆ ಅವು ಮಿಶನ್ನಿನ ಸ್ವತ್ತು. ಮಾಲಕತ್ವ, ಹಣ, ನಿರ್ಧಾರ ಮೂರೂ ಒಂದೇ ಕಡೆ. ಇಂದಿನ ಊರ ಕಾರ್ಯಾಗಾರ ಹಾಗೆ ನಡೆಯಲಾರದು, ನಡೆಯಲೂಬಾರದು. ಎಲ್ಲ ಜಾತಿಮತದವರು ಬರುವ ಜಾಗವನ್ನು ಚರ್ಚೊಂದೇ ನಡೆಸಿದರೆ ಊರಲ್ಲಿ ಏನು ಮಾತು ಹುಟ್ಟುತ್ತದೆ ಎಂದು ಈ ಪುಟದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಾಗೆಂದು ಪಂಚಾಯತ್ ಒಂದೇ ನಡೆಸಿದರೆ ಯಂತ್ರಗಳಿಗೆ ಉದ್ಘಾಟನೆಯ ದಿನದ ಹೂವಿನ ಹಾರವೇ ಕೊನೆಯ ಆರೈಕೆ ಆಗುವ ಅಪಾಯವಿದೆ. ಆದ್ದರಿಂದ ಪಾಲುದಾರಿಕೆ ಬೇಕು. ಈ ಪದವನ್ನು ಸಭೆಗಳಲ್ಲಿ ಸುಲಭವಾಗಿ ಹೇಳುತ್ತೇವೆ. ಅದರಲ್ಲಿ ಏನೇನಿರಬೇಕು ಎಂಬುದನ್ನು ಈಗಾಗಲೇ ಪ್ರಯತ್ನ ಮಾಡಿದವರಿಂದ ತಿಳಿಯೋಣ.

ಬೆಂಗಳೂರಿನಲ್ಲಿ ಮೊದಲ ಮೆಟ್ರೊ ಮಾರ್ಗ 2011ರ ಅಕ್ಟೋಬರಿನಲ್ಲಿ ಶುರುವಾಯಿತು. ಆ ಮಾರ್ಗದ ಹಲಸೂರು ನಿಲ್ದಾಣದ ಕಟ್ಟಡದಲ್ಲಿ ಕೆಲವು ವರ್ಷಗಳ ನಂತರ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬ ಖಾಸಗಿ ಸಂಸ್ಥೆ ಸಾರ್ವಜನಿಕರಿಗೆ ತೆರೆದ ಕಾರ್ಯಾಗಾರ ನಡೆಸಿತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಕಂಪೆನಿಯ ಕಟ್ಟಡ, ಉತ್ಸಾಹಿಗಳ ಸಂಸ್ಥೆ, ಶುಲ್ಕ ಕೊಟ್ಟು ಬರುವ ಜನ. ನಗರದಲ್ಲಿ ಇದು ಒಪ್ಪುವ ಲೆಕ್ಕಾಚಾರ. ಜಯಪುರದಲ್ಲಿ ಮೆಟ್ರೊ ಇಲ್ಲ, ತಿಂಗಳ ಶುಲ್ಕ ಕೊಡುವ ಎಂಜಿನಿಯರರ ದಂಡೂ ಇಲ್ಲ. ನಗರಸಭೆಯ ಬದಲು ಗ್ರಾಮ ಪಂಚಾಯತ್ ಇದೆ. ಆದ್ದರಿಂದ ನಮಗೆ ಹೆಚ್ಚು ಹತ್ತಿರದ ಪಾಠ ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯದು.

ದೊಡ್ಡ ಕಂಪೆನಿಯೊಂದರಲ್ಲಿ ವಿಜ್ಞಾನಿಯಾಗಿದ್ದ ಡಾ. ಎಸ್. ಎಸ್. ಕಲಬಾಗ್ ಕೆಲಸ ಬಿಟ್ಟು 1983ರಲ್ಲಿ ಆ ಬರಪೀಡಿತ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ಆರಂಭಿಸಿದರು. ಶಾಲೆಯ ಮಕ್ಕಳು ವೆಲ್ಡಿಂಗ್, ವಿದ್ಯುತ್ ಕೆಲಸ, ಮಣ್ಣು ಪರೀಕ್ಷೆ, ಅಡುಗೆ, ಕೃಷಿ ಎಲ್ಲವನ್ನೂ ಕೈಯಾರೆ ಮಾಡಿ ಕಲಿಯುವ ಕ್ರಮ ರೂಪಿಸಿದರು. ಗೇಟು ಮಾಡಿಕೊಡುವುದು, ಮೋಟಾರು ನೋಡಿಕೊಡುವುದು ಇಂಥ ಊರವರ ಕೆಲಸಗಳನ್ನು ಮಕ್ಕಳೇ ಹಣ ಪಡೆದು ಮಾಡಿಕೊಡುತ್ತಿದ್ದರು. 2002ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಪ್ರೊಫೆಸರ್ ನೀಲ್ ಗೆರ್ಶೆನ್‌ಫೆಲ್ಡ್ ಅವರ ತಂಡ, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ‘ಫ್ಯಾಬ್ ಲ್ಯಾಬ್’ ಅನ್ನು ತನ್ನ ಸಂಸ್ಥೆಯ ಹೊರಗೆ ಮೊದಲು ಸ್ಥಾಪಿಸಿದ ಸ್ಥಳಗಳಲ್ಲಿ ಈ ಹಳ್ಳಿಯೂ ಒಂದು. ಆ ಹೆಸರು ಪ್ರಪಂಚಕ್ಕೆ ಪರಿಚಯವಾಗುವ ಮುನ್ನವೇ ಆಶ್ರಮಕ್ಕೆ ಇಪ್ಪತ್ತು ವರ್ಷಗಳ ಬೇರು ಇತ್ತು. ಸರ್ಕಾರದ ಪಾತ್ರ ಇಲ್ಲಿ ಏನು? ಮಹಾರಾಷ್ಟ್ರದ ಶಿಕ್ಷಣ ಮಂಡಳಿ ಆಶ್ರಮದ ಪಾಠಕ್ರಮವನ್ನು ಪ್ರೌಢಶಾಲೆಯ ಐಚ್ಛಿಕ ವಿಷಯವೆಂದು ಮಾನ್ಯ ಮಾಡಿತು. ಹಣಕ್ಕಿಂತ ಆ ಮಾನ್ಯತೆ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಎಣಿಕೆ. ಪರೀಕ್ಷೆಗೆ ಲೆಕ್ಕಕ್ಕಿಲ್ಲದ ವಿದ್ಯೆಗೆ ನಮ್ಮ ತಂದೆತಾಯಿಯರು ಮಕ್ಕಳನ್ನು ಕಳುಹಿಸುವುದಿಲ್ಲ.

ಮೂರನೆಯದು ಸ್ಪೇನಿನ ಬಾರ್ಸಿಲೋನಾ. ಅಲ್ಲಿಯ ನಗರಾಡಳಿತ ಪ್ರತಿ ಬಡಾವಣೆಗೂ ಸಾರ್ವಜನಿಕ ಕಾರ್ಯಾಗಾರ ಕೊಡುವ ದೊಡ್ಡ ಯೋಜನೆ ಹಾಕಿಕೊಂಡಿತು. 2013ರಲ್ಲಿ ಅಂಥ ಒಂದನ್ನು ಸಿಯುತಾತ್ ಮೆರಿದಿಯಾನಾ ಎಂಬ ಬಡ ಬಡಾವಣೆಗೆ ತಂದಿತು. ನಿರುದ್ಯೋಗ, ಸಾಲಕ್ಕೆ ಮನೆ ಕಳೆದುಕೊಳ್ಳುವುದು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಕಾರ್ಯಾಗಾರಕ್ಕೆಂದು ಗೊತ್ತುಮಾಡಿದ ಕಟ್ಟಡವನ್ನು ನಿವಾಸಿಗಳು ಹಸಿದವರಿಗೆ ದವಸ ಹಂಚುವ ಆಹಾರ ಕೇಂದ್ರವಾಗಿ ಬಳಸುತ್ತಿದ್ದರು. ತಿನ್ನಲು ಇಲ್ಲದವರಿಗೆ ತ್ರೀ-ಡಿ ಪ್ರಿಂಟರ್ ಯಾಕೆ ಎಂದು ಜನ ಕೇಳಿದರು, ಪ್ರತಿಭಟಿಸಿ ಕಟ್ಟಡದಲ್ಲೇ ಕೂತರು. ಕೊನೆಗೆ ಮಾತುಕತೆಯಾಯಿತು. ಆಹಾರ ಕೇಂದ್ರಕ್ಕೆ ಬೇರೆ ಜಾಗ ಸಿಕ್ಕಿತು, ಕಾರ್ಯಾಗಾರವು ಬಡಾವಣೆಯ ಯುವಜನರ ತರಬೇತಿ ಮತ್ತು ಉದ್ಯೋಗಕ್ಕೆ ಗಮನ ಕೊಡಬೇಕೆಂದಾಯಿತು. ಆಡಳಿತದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕೇಳದೆ ಕೊಟ್ಟಿತು ಅಷ್ಟೇ.

ದೂರದ ಬಾರ್ಸಿಲೋನಾ ಬಿಡಿ. ಕೊಪ್ಪದಲ್ಲೇ ಇದಕ್ಕಿಂತ ದೊಡ್ಡ ಪಾಠವೊಂದಿದೆ, ಮಲೆನಾಡಿನವರಿಗೆಲ್ಲ ಗೊತ್ತಿರುವಂಥದ್ದು: ಸಹಕಾರ ಸಾರಿಗೆ. ತಾವು ದುಡಿಯುತ್ತಿದ್ದ ಖಾಸಗಿ ಬಸ್ ಕಂಪೆನಿ ನಿಂತಾಗ ನೌಕರರೇ ಒಗ್ಗೂಡಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಮಾಲಕರು. ಬೇರೆ ಬಸ್ಸು ಹೋಗದ ಹಳ್ಳಿಗಳಿಗೆ ಅದರ ಬಸ್ಸು ಹೋಗುತ್ತಿತ್ತು, ಶಾಲಾ ಮಕ್ಕಳಿಗೆ ರಿಯಾಯಿತಿ ಕೊಡುತ್ತಿತ್ತು. ಸುಮಾರು ಮೂರು ದಶಕ ಹೀಗೆ ನಡೆದು, ಡೀಸೆಲ್, ತೆರಿಗೆ, ವಿಮೆ, ಬಿಡಿಭಾಗಗಳ ಖರ್ಚು ಏರಿ, ಸರ್ಕಾರದ ನೆರವಿಗೆ ಮೊರೆಯಿಟ್ಟು, 2020ರ ಫೆಬ್ರವರಿಯಲ್ಲಿ ಬಸ್ಸುಗಳನ್ನು ನಿಲ್ಲಿಸಿತು.

ಅದರ ಪತನಕ್ಕೆ ಕಾರಣಗಳು ಹಲವು, ಒಂದೇ ಮಾತಿನಲ್ಲಿ ತೀರ್ಪು ಹೇಳುವುದು ನ್ಯಾಯವಲ್ಲ. ಆದರೂ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಲಾಭವಿಲ್ಲದ ಹಳ್ಳಿಗೆ ಬಸ್ಸು ಓಡಿಸುವುದು, ವಿದ್ಯಾರ್ಥಿಗೆ ಕಡಿಮೆ ದರ ಕೊಡುವುದು ಇವೆಲ್ಲ ಸರ್ಕಾರ ಮಾಡಬೇಕಾದ ಸೇವೆಗಳು. ಒಂದು ಸಮುದಾಯ ಸಂಸ್ಥೆ ಅವನ್ನು ಮಾಡುತ್ತಾ ಬಂದಿತು. ಸೇವೆಯನ್ನು ಎಲ್ಲರೂ ಹೊಗಳಿದರು, ವೆಚ್ಚವನ್ನು ಯಾರು ಎಷ್ಟು ಭರಿಸಬೇಕೆಂಬುದು ಸಂಕಟದ ದಿನದವರೆಗೂ ಗಟ್ಟಿ ಏರ್ಪಾಡಾಗಲಿಲ್ಲ. ಸಂಕಟ ಬಂದಾಗ ಸಂಸ್ಥೆ ಪಾಲುದಾರನಾಗಿ ಮಾತಾಡಲಾಗದೆ ಅರ್ಜಿದಾರನಾಗಿ ಬಾಗಿಲಲ್ಲಿ ನಿಲ್ಲಬೇಕಾಯಿತು. ಊರ ಕಾರ್ಯಾಗಾರಕ್ಕೂ ಇದೇ ಗತಿ ಬರಬಾರದೆಂದಿದ್ದರೆ ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕಾದ ವಿಷಯಗಳಿವೆ.

ಕಾನೂನು ಇದಕ್ಕೆ ಅಡ್ಡಿಯಿಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತುಗಳಿಗೆಂದು ಹೇಳಿರುವ 29 ವಿಷಯಗಳಲ್ಲಿ ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ, ಸಣ್ಣ ಕೈಗಾರಿಕೆ, ಗುಡಿ ಕೈಗಾರಿಕೆ, ಗ್ರಂಥಾಲಯ ಎಲ್ಲವೂ ಇವೆ. ತೊಡಕು ಹಣದ ಸ್ವರೂಪದಲ್ಲಿದೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯತುಗಳಿಗೆ ಕೊಟ್ಟ ಅನುದಾನವನ್ನೇ ನೋಡಿ. ಅದರಲ್ಲಿ ಶೇಕಡಾ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇಕಡಾ 40ನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಅಂದರೆ ಇಂಥ ಅನುದಾನದಿಂದ ವೆಲ್ಡಿಂಗ್ ಯಂತ್ರ ಕೊಳ್ಳಬಹುದು, ಅದನ್ನು ಕಾಯುವ ಮನುಷ್ಯನಿಗೆ ಸಂಬಳ ಕೊಡಲಾಗದು. ಸರ್ಕಾರಿ ಯೋಜನೆಗಳಲ್ಲಿ ಪೆಟ್ಟಿಗೆ ಬಿಚ್ಚದ ಯಂತ್ರಗಳು ಕಾಣಸಿಗಲು ಈ ನಿಯಮವೂ ಒಂದು ಕಾರಣ. ಅಧಿಕಾರಿಗಳ ಉದಾಸೀನವೊಂದನ್ನೇ ದೂರಿ ಪ್ರಯೋಜನವಿಲ್ಲ.

ಹಾಗಾದರೆ ಮನುಷ್ಯ ಎಲ್ಲಿಂದ? ಕರ್ನಾಟಕದ ಮಟ್ಟಿಗೆ ಒಂದು ದಾರಿ ಕಣ್ಣ ಮುಂದೆಯೇ ಇದೆ. ಹಳ್ಳಿಗಳ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೊರೊನಾ ಕಾಲದಲ್ಲಿ, 2020ರಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಶಾಲೆ ಮುಚ್ಚಿದ ಮಕ್ಕಳನ್ನು ಅಲ್ಲಿಗೆ ಸೆಳೆಯಲಾಯಿತು. ಈಗ ಅವು ಅರಿವು ಕೇಂದ್ರಗಳು. ಕಂಪ್ಯೂಟರ್ ಬಂದಿದೆ, ಮೇಲ್ವಿಚಾರಕರಿದ್ದಾರೆ, ಬಾಗಿಲು ತೆರೆಯುವ ವೇಳೆ ಗೊತ್ತಾಗಿದೆ. ಕಾರ್ಯಾಗಾರವನ್ನು ಈ ಕೇಂದ್ರದ ಇನ್ನೊಂದು ಕೋಣೆಯೆಂದು ನಡೆಸಿದರೆ ಸದಸ್ಯತ್ವದ ಪುಸ್ತಕ, ಉಪಕರಣ ಎರವಲು ಕೊಡುವ ಕ್ರಮ, ಲೆಕ್ಕ ಎಲ್ಲಕ್ಕೂ ಒಂದು ಆಧಾರ ಸಿಗುತ್ತದೆ. ಆದರೆ ಮೇಲ್ವಿಚಾರಕರ ಮೇಲೆ ಯಂತ್ರದ ಹೊಣೆಯನ್ನೂ ಹೊರಿಸಿ ಕೈತೊಳೆದುಕೊಳ್ಳಬಾರದು. ಅವರ ಗೌರವಧನ ಪುಸ್ತಕದ ಕೆಲಸಕ್ಕೇ ಸಾಲದು.

ಧರ್ಮಕೇಂದ್ರದ ಪಾಲು ಇಲ್ಲಿಯೇ ಬರುತ್ತದೆ. ನಮ್ಮ ವಾಳೆಗಳಲ್ಲಿ ಕೊಲ್ಲಿ ದೇಶಗಳಿಂದ ಮರಳಿದ ಫಿಟ್ಟರುಗಳು, ವೆಲ್ಡರುಗಳು, ಎಲೆಕ್ಟ್ರಿಶಿಯನ್ನರು ಇದ್ದಾರೆ. ಹಡಗಿನಲ್ಲಿ, ತೈಲ ಕಂಪೆನಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಕೈಗಳು ಈಗ ಮನೆಯಂಗಳದಲ್ಲಿ ಪತ್ರಿಕೆ ಹಿಡಿದು ಕೂತಿವೆ. ವಾರಕ್ಕೊಂದು ಸಂಜೆ ಅವರು ಕೊಟ್ಟರೆ ಅದು ಯಾವ ಅನುದಾನದಿಂದಲೂ ಕೊಳ್ಳಲಾಗದ ಸೊತ್ತು. ಐ.ಸಿ.ವೈ.ಎಂ. ಯುವಕರು ಬಂದರೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಕೆಲಸ ಹಿಡಿಯಬಹುದು. ಪಂಚಾಯತ್ ಮಟ್ಟದ ಸಂಜೀವಿನಿ ಒಕ್ಕೂಟದ ಮಹಿಳೆಯರನ್ನು ಮೊದಲ ಸಭೆಗೇ ಕರೆಯಬೇಕು. ಹೊಲಿಗೆ ಯಂತ್ರ, ಹಪ್ಪಳ ಒಣಗಿಸುವ ಸೌರ ಪೆಟ್ಟಿಗೆ, ಪ್ಯಾಕಿಂಗ್ ಯಂತ್ರ ಇಲ್ಲದ ಕಾರ್ಯಾಗಾರ ಬೇಗನೆ ಗಂಡಸರ ಅಡ್ಡೆಯಾಗುತ್ತದೆ. (ಕೇರಂ ಬೋರ್ಡು ಯಾವಾಗ ಬಂತು ಎಂದು ಯಾರಿಗೂ ಗೊತ್ತಾಗುವುದಿಲ್ಲ.)

ಇನ್ನು ಒಪ್ಪಂದಕ್ಕೆ ಬರೋಣ. ಪಂಚಾಯತ್ ಸದಸ್ಯರ ಅವಧಿ ಐದು ವರ್ಷ. ಪಿಡಿಒ ಯಾವಾಗ ವರ್ಗವಾಗುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಧರ್ಮಗುರುಗಳೂ ಕೆಲವು ವರ್ಷಗಳಲ್ಲಿ ಬೇರೆ ಧರ್ಮಕೇಂದ್ರಕ್ಕೆ ಹೋಗುತ್ತಾರೆ. ಮೂವರೂ ಸಜ್ಜನರಾಗಿ, ಬಾಯಿಮಾತಿನಲ್ಲಿ ಎಲ್ಲ ಸರಿಮಾಡಿಕೊಂಡು ಶುರು ಮಾಡಿದ ಕೆಲಸ, ಮೂವರೂ ಬದಲಾದ ಮೇಲೆ ಯಾರದೆಂದು ತಿಳಿಯದೆ ನಿಲ್ಲುತ್ತದೆ. ಆದ್ದರಿಂದ ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯತ್ ಸಭೆಯಲ್ಲಿ ಠರಾವು ಮಾಡಿ, ಎರಡೂ ಕಡೆ ಸಹಿ ಹಾಕಿದ ಕಾಗದ ಬೇಕು. ಕಟ್ಟಡ ಧರ್ಮಕೇಂದ್ರದ್ದಾದರೆ ಎಷ್ಟು ವರ್ಷಕ್ಕೆ, ಬಿಡಬೇಕಾದರೆ ಎಷ್ಟು ತಿಂಗಳ ಮುನ್ಸೂಚನೆ? ಅನುದಾನಿತ ಶಾಲೆಯ ಕೋಣೆಯಾದರೆ ಶಿಕ್ಷಣ ಇಲಾಖೆಯನ್ನೂ ಕೇಳಬೇಕು, ಧರ್ಮಪ್ರಾಂತ್ಯದ ಒಪ್ಪಿಗೆಯೂ ಬೇಕು. ಪಂಚಾಯತ್ ಹಣದಿಂದ ಕೊಂಡ ಯಂತ್ರ ಪಂಚಾಯತಿನ ದಾಸ್ತಾನು ಪುಸ್ತಕದಲ್ಲಿ ಇರಲಿ, ದಾನಿಗಳು ಕೊಟ್ಟದ್ದು ಬೇರೆ ಪುಸ್ತಕದಲ್ಲಿ. ಮೆಸ್ಕಾಂ ಬಿಲ್ಲು ಯಾರ ಹೆಸರಿನಲ್ಲಿ, ಯಾವ ದರದ ಸಂಪರ್ಕ? ಇದು ಸಣ್ಣ ವಿಷಯವೆನಿಸಬಹುದು. ಆದರೆ ಬಿಲ್ಲು ಕಟ್ಟದೆ ಫ್ಯೂಸ್ ಕಿತ್ತ ದಿನ ಪಾಲುದಾರಿಕೆ ಮುಗಿದಂತೆ. ಕೈಗೆ ಗಾಯವಾದರೆ ಹೊಣೆ ಯಾರದು, ವಿಮೆ ಉಂಟೇ, ಹದಿನೆಂಟರ ಕೆಳಗಿನವರು ಯಾವ ಯಂತ್ರ ಮುಟ್ಟಬಾರದು ಎಂಬುದೂ ಬರೆಯಬೇಕಾದದ್ದೇ.

ಬೀಗದ ಕೈಯ ವಿಷಯ ಬೇರೆಯಾಗಿ ಹೇಳುತ್ತೇನೆ. ನನ್ನ ಅಭಿಪ್ರಾಯದಲ್ಲಿ ಮೂರು ಕೈಗಳಿರಬೇಕು: ಒಂದು ಅರಿವು ಕೇಂದ್ರದಲ್ಲಿ, ಒಂದು ಬಳಕೆದಾರರ ಸಮಿತಿ ಗೊತ್ತುಮಾಡಿದ ವ್ಯಕ್ತಿಯಲ್ಲಿ, ಒಂದು ಕಟ್ಟಡದ ಒಡೆತನ ಇರುವವರಲ್ಲಿ. ಸಮಿತಿಯಲ್ಲಿ ಕ್ರೈಸ್ತರು ಅಲ್ಪಸಂಖ್ಯೆಯಲ್ಲೇ ಇರಲಿ, ಊರಿನ ಜನಸಂಖ್ಯೆಯಲ್ಲಿ ನಾವು ಇರುವಂತೆ. ‘ನಮ್ಮ ಕಟ್ಟಡ, ನಮ್ಮ ಹಣ, ಅಧಿಕಾರ ಅವರದೇ?’ ಎಂಬ ಪ್ರಶ್ನೆ ಪಾಲನಾ ಪರಿಷತ್ತಿನಲ್ಲಿ ಬಂದೇ ಬರುತ್ತದೆ. ಪ್ರಶ್ನೆ ಅನ್ಯಾಯದ್ದಲ್ಲ. 1931ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳು ‘ಕ್ವಾದ್ರಜೆಸಿಮೊ ಆನ್ನೊ’ ವಿಶ್ವಪತ್ರದಲ್ಲಿ, ಸಣ್ಣ ಸಮುದಾಯಗಳು ತಾವೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಗಳು ಕಸಿದುಕೊಳ್ಳಬಾರದೆಂದು ಬೋಧಿಸಿದರು. ಸರ್ಕಾರದ ವಿರುದ್ಧ ಈ ಬೋಧನೆಯನ್ನು ನಾವು ಆಗಾಗ್ಗೆ ಎತ್ತಿ ಹಿಡಿಯುತ್ತೇವೆ. ಊರಿನ ಬಳಕೆದಾರರ ಸಮಿತಿಯ ಎದುರು ದೊಡ್ಡ ಸಂಸ್ಥೆ ಯಾವುದು ಎಂದು ಕೇಳಿಕೊಂಡರೆ ಅದು ನಮಗೂ ಅನ್ವಯಿಸುತ್ತದೆ.

ಇದಕ್ಕೆಲ್ಲ ದೊಡ್ಡ ಮೊತ್ತ ಸಿಗುವವರೆಗೆ ಕಾಯಬೇಕೆಂದಿಲ್ಲ. ಲೇಸರ್ ಯಂತ್ರ, ತ್ರೀ-ಡಿ ಪ್ರಿಂಟರ್ ಆಮೇಲೆ ಬರಲಿ. ಮುರಿದ ಪ್ಲಾಸ್ಟಿಕ್ ಗೇರಿನ ಅಳತೆ ತೆಗೆದು ಹೊಸದನ್ನು ಮುದ್ರಿಸುವ ಕಾಲ ಜಯಪುರಕ್ಕೂ ಬರುತ್ತದೆ. 2020ರ ಕೊರೊನಾ ಕಾಲದಲ್ಲಿ ಮುಂಬಯಿಯ ಮೇಕರ್ಸ್ ಅಸೈಲಂ ಎಂಬ ಕಾರ್ಯಾಗಾರದವರು ಮುಖಕವಚದ ವಿನ್ಯಾಸವೊಂದನ್ನು ಹಂಚಿಕೊಂಡು, ಬೇರೆ ಬೇರೆ ಊರಿನ ಕಾರ್ಯಾಗಾರಗಳ ಜೊತೆ ಸೇರಿ ಹತ್ತು ಲಕ್ಷ ಕವಚ ಮಾಡಿದ್ದು ಅಂಥ ಯಂತ್ರಗಳಿಂದಲೇ. ಆದರೆ ಆರಂಭಕ್ಕೆ ಎರಡು ಗಟ್ಟಿ ಮೇಜು, ಒಂದು ವೈಸ್, ಡ್ರಿಲ್ಲಿಂಗ್ ಯಂತ್ರ, ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರ್, ಬೆಸುಗೆ ಕಡ್ಡಿ ಸಾಕು.

ಮೇ ತಿಂಗಳಲ್ಲಿ, ಬೋರ್ಡೋ ದ್ರಾವಣದ ಕೆಲಸ ಶುರುವಾಗುವ ಮುಂಚೆ, ನಾಲ್ಕು ಶನಿವಾರ ಪಂಪು ಮತ್ತು ಕಳೆ ಯಂತ್ರಗಳ ರಿಪೇರಿ ಇಟ್ಟುಕೊಳ್ಳಬಹುದು. ಪಂಚಾಯತಿನಿಂದ ಆಗ ಕೇಳಬೇಕಾದದ್ದು ಕೋಣೆ, ವಿದ್ಯುತ್ತು ಮತ್ತು ನೋಟೀಸು ಬೋರ್ಡಿನಲ್ಲಿ ಒಂದು ಪ್ರಕಟಣೆ ಮಾತ್ರ. ಒಂದು ಪುಸ್ತಕ ಇಟ್ಟು ಯಾವ ಯಂತ್ರ ಬಂತು, ಏನು ಕೆಟ್ಟಿತ್ತು, ಯಾವ ಬಿಡಿಭಾಗ ಬೇಕಾಯಿತು, ಇಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕಿತ್ತು ಎಂದು ಬರೆದಿಡಬೇಕು. ಮಳೆಗಾಲ ಕಳೆದ ಮೇಲೆ ಆ ಪುಸ್ತಕವನ್ನೇ ಗ್ರಾಮಸಭೆಗೆ ಒಯ್ಯಬಹುದು. ಯಾವ ಯಂತ್ರ ಮೊದಲು ಕೊಳ್ಳಬೇಕೆಂಬ ಚರ್ಚೆ ಆಗ ಶುರುವಾಗಲಿ.